ಯುನಿಕ್ಸ್ ವ್ಯವಸ್ಥೆಯಲ್ಲಿ ಕರ್ನಲ್ ಉಪವ್ಯವಸ್ಥೆಗಳ ಗುಣಮೌಲ್ಯಗಳು

ಹಸ್ತಪ್ರತಿಗಳ ಬಿಂಬಗಳನ್ನೂ ಪದಸೂಚಿಗಳನ್ನೂ ಗಣಕದಲ್ಲಿ ಸಂಗ್ರಹಿಸುವ ಸಂಶೋಧಕರು ಯಂತ್ರದ ಒಳವ್ಯವಸ್ಥೆಯನ್ನು ತಂತ್ರಜ್ಞರಿಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ವಾಡಿಕೆ. ಆದರೆ ಆ ತಂತ್ರಜ್ಞರು ಬೇರೆಡೆಗೆ ತೆರಳಿದ ಮೇಲೆ, ವಿದ್ಯುತ್ ನಿಂತು ಮರಳಿದ ಯಂತ್ರವು ಹಿಂದಿನ ದಿನದಂತೆ ವರ್ತಿಸದಿದ್ದರೆ, ಕಾರಣವನ್ನು ಶೋಧಿಸುವ ಹೊಣೆ ಸಂಗ್ರಹವನ್ನು ಕಾಯುವವರ ಮೇಲೆಯೇ ಬೀಳುತ್ತದೆ. ಈ ದೃಷ್ಟಿಯಿಂದ ನಾವು ಇಲ್ಲಿ ಟ್ರೂ64 ಯುನಿಕ್ಸನ್ನು ನಿದರ್ಶನವಾಗಿ ತೆಗೆದುಕೊಂಡಿದ್ದೇವೆ. ಮೊದಲು ಡಿಜಿಟಲ್ ಯುನಿಕ್ಸ್ ಎನಿಸಿದ್ದ ಇದು 1998ರಲ್ಲಿ ಕಾಂಪ್ಯಾಕ್, 2002ರಲ್ಲಿ ಎಚ್‌ಪಿ ಸಂಸ್ಥೆಯ ಒಡೆತನಕ್ಕೆ ಸಂದಿತು. 2012ರ ಕೊನೆಗೆ ಇದರ ಅಧಿಕೃತ ನೆರವು ನಿಂತಿತು. ಆದರೂ ಇದರ ಕ್ರಮ ನಿಚ್ಚಳವಾಗಿರುವುದರಿಂದ ತತ್ತ್ವವನ್ನು ಗ್ರಹಿಸಲು ಇಂದಿಗೂ ಅನುಕೂಲವಾಗಿದೆ.

ಇದರ ಕರ್ನಲ್ ಹಲವು ಉಪವ್ಯವಸ್ಥೆಗಳ ಸಮೂಹ. ಸ್ಮೃತಿಯ ನಿರ್ವಹಣೆಗೆ 'ವಿಎಂ', ಕಾರ್ಯಕ್ರಿಯೆಗಳಿಗೆ 'ಪ್ರಾಕ್', ಜಾಲಸಂಪರ್ಕಕ್ಕೆ 'ಇನೆಟ್' ಎಂಬ ಉಪವ್ಯವಸ್ಥೆಗಳಿವೆ. ಯಂತ್ರಸಾಧನಗಳನ್ನು ನಡೆಸುವ ಚಾಲಕಗಳೂ ಉಪವ್ಯವಸ್ಥೆಗಳೇ. ಪ್ರತಿಯೊಂದಕ್ಕೂ ಹೆಸರು ಮತ್ತು ಮೌಲ್ಯವುಳ್ಳ ಗುಣಗಳಿರುತ್ತವೆ. 'ವಿಎಂ'ನಲ್ಲಿರುವ 'ಯುಬಿಸಿ ಮ್ಯಾಕ್ಸ್‌ಪರ್ಸೆಂಟ್' ಎಂಬ ಗುಣವು ಕಡತಗಳ ದತ್ತಾಂಶಕ್ಕೆ ಸ್ಮೃತಿಯ ಶೇಕಡಾ ಎಷ್ಟು ಭಾಗ ಸಲ್ಲಬಹುದೆಂಬ ಮೇಲ್ಮಿತಿಯನ್ನು ವಿಧಿಸುತ್ತದೆ.

ಒಂದು ಗುಣಕ್ಕೆ ಮೂರು ಮೌಲ್ಯಗಳು ಏಕಕಾಲದಲ್ಲಿ ಇರಬಹುದೆಂಬುದು ಇಲ್ಲಿನ ಮುಖ್ಯ ವಿಚಾರ: ನಿರ್ಮಾತೃಗಳು ಇರಿಸಿದ ಮೂಲಮೌಲ್ಯ, ಯಂತ್ರ ನಡೆಯುತ್ತಿರುವಾಗಿನ ಪ್ರಚಲಿತ ಮೌಲ್ಯ, ಕಡತದಲ್ಲಿ ಬರೆದಿಟ್ಟ ಲಿಖಿತ ಮೌಲ್ಯ. 'ಸಿಸ್‌ಕಾನ್ಫಿಗ್' ಆಜ್ಞೆಯನ್ನು ಚಿಕ್ಕ 'ಕ್ಯೂ' ಅಕ್ಷರದೊಡನೆ ನೀಡಿದರೆ ಪ್ರಚಲಿತ ಮೌಲ್ಯ ತಿಳಿಯುತ್ತದೆ. ದೊಡ್ಡ 'ಕ್ಯೂ' ಬಳಸಿದರೆ ಗುಣದ ಬಗೆ, ಕನಿಷ್ಠ ಹಾಗೂ ಗರಿಷ್ಠ ಮಿತಿ, ಅನುಮತಿಸಲಾದ ಕ್ರಿಯೆಗಳು ದೊರೆಯುತ್ತವೆ. ಆ ಕ್ರಿಯೆಗಳಲ್ಲಿ 'ಆರ್' ಇಲ್ಲದಿದ್ದರೆ, ನಡೆಯುತ್ತಿರುವ ಯಂತ್ರದಲ್ಲಿ ಆ ಗುಣವನ್ನು ಬದಲಿಸಲಾಗದು.

'ಆರ್' ಇರುವ ಗುಣವನ್ನು ಒಡನೆಯೇ ತಿದ್ದಬಹುದು. ಆದರೆ ಆ ತಿದ್ದುಪಡಿ ಯಂತ್ರ ಮರಳಿ ಆರಂಭವಾಗುವವರೆಗೆ ಮಾತ್ರ ಉಳಿಯುತ್ತದೆ. ಅದು ಸ್ಥಿರವಾಗಬೇಕಾದರೆ 'ಇಟಿಸಿ' ಕೋಶದ 'ಸಿಸ್‌ಕಾನ್ಫಿಗ್‌ಟ್ಯಾಬ್' ಕಡತಕ್ಕೆ ಸೇರಬೇಕು. ಇದಕ್ಕೆ 'ಸಿಸ್‌ಕಾನ್ಫಿಗ್‌ಡಿಬಿ' ಎಂಬ ಆಜ್ಞೆಯಿದೆ. ಅದರ 'ಎಂ' ವಿಧಿಯು ಹೊಸ ಸಾಲನ್ನು ಹಳೆಯವುಗಳೊಡನೆ ಕೂಡಿಸುತ್ತದೆ. 'ಯು' ವಿಧಿಯು ಆ ಉಪವ್ಯವಸ್ಥೆಯ ನಮೂದನ್ನೇ ಬದಲಿಸುತ್ತದೆ. ಈ ಭೇದವನ್ನರಿಯದೆ ಒಂದು ಗುಣವನ್ನು ತಿದ್ದಲು ಹೋದವರು ಹಿಂದಿನವರು ಬರೆದಿಟ್ಟ ಉಳಿದ ಗುಣಗಳನ್ನು ಅಳಿಸಿಬಿಡುವ ಸಂಭವವಿದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಸಮಸ್ಯೆ ಹೊಸದಲ್ಲ. ರೂಢಿಯ ಪಾಠವೊಂದು, ಓಲೆಯ ಪಾಠವೊಂದು ಆದಾಗ ಎರಡನ್ನೂ ದಾಖಲಿಸದೆ ತಿದ್ದುವುದಿಲ್ಲ. ಇಲ್ಲಿಯೂ ಅದೇ ಶಿಸ್ತು ಸಲ್ಲುತ್ತದೆ: ಕಡತದ ಪ್ರತಿಯೊಂದನ್ನು ತೆಗೆದಿರಿಸಿ, ಮೂರೂ ಮೌಲ್ಯಗಳನ್ನು ದಿನಾಂಕ ಮತ್ತು ಕಾರಣಸಹಿತ ಬರೆದಿಟ್ಟು, ಬಳಿಕ ಬದಲಿಸತಕ್ಕದ್ದು.

ಇಂದು ಬಹುಪಾಲು ಬಳಕೆಯಲ್ಲಿರುವ ಲಿನಕ್ಸ್‌ನಲ್ಲಿಯೂ 'ಸಿಸ್‌ಸಿಟಿಎಲ್' ಆಜ್ಞೆಯ ತತ್ಕ್ಷಣದ ಬದಲಾವಣೆಗೂ ಕಡತದಲ್ಲಿನ ಸ್ಥಿರ ಬರಹಕ್ಕೂ ಇದೇ ಅಂತರವಿದೆ. ಹೆಸರುಗಳು ಬೇರೆಯಾದರೂ ವಿವೇಕ ಒಂದೇ. ಬರೆದಿಡದ ತಿದ್ದುಪಡಿಯನ್ನು ಯಂತ್ರವೂ ಮರೆಯುತ್ತದೆ, ಮುಂದಿನವರೂ ಅರಿಯರು.