ಟ್ಯಾಂಕಿ ಬರಿದು ಮಾಡಿದ ಸುಳ್ಳು ವೋಲ್ಟೇಜ್

2024ರ ಮೇ ತಿಂಗಳ ಒಂದು ಬೆಳಗು. ಪಕ್ಕದ ಮನೆಯಾಕೆ ಕೊಡಪಾನ ಹಿಡಿದು ಅಂಗಳಕ್ಕೆ ಬಂದರು. “ಅಣ್ಣಾ, ಟ್ಯಾಂಕಿಯಲ್ಲಿ ಒಂದು ಹನಿ ನೀರಿಲ್ಲ. ಎಂತ ಆಯ್ತು?”

ಹೋಗಿ ನೋಡಿದರೆ ಹೌದು. ತಳದ ಕೆಸರು ಮಾತ್ರ.

ನಮ್ಮದು ಹೊನ್ನಾವರ ತಾಲೂಕಿನ ಗುಡ್ಡದ ಬುಡದ ಅಡಿಕೆ ತೋಟ. ಅಬ್ಬಿ ನೀರು ಟ್ಯಾಂಕಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಸಾಲದಿದ್ದರೆ ಹಳ್ಳದಿಂದ ಪಂಪು ಹಾಕುತ್ತೇವೆ. ರಾತ್ರಿ ನೀರು ನನ್ನ ತೋಟಕ್ಕೆ, ಬೆಳಗ್ಗೆ ಅವರ ಮನೆ, ಕೊಟ್ಟಿಗೆಗೆ. ಇದು ಅಪ್ಪನ ಕಾಲದ ಒಪ್ಪಂದ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬಂದರೂ ಮೇ ತಿಂಗಳಲ್ಲಿ ನಮ್ಮ ಅಬ್ಬಿ ಬೆರಳು ಗಾತ್ರಕ್ಕಿಳಿಯುತ್ತದೆ. ಅಂಥ ದಿನ ನೆರೆಯವರ ಪಾಲು ಹರಿದುಹೋಯಿತು ಅಂದರೆ ತಲೆ ಎತ್ತುವುದು ಕಷ್ಟ.

ಕಳ್ಳ ಯಾರು?

ನೀರು ಉಳಿಸಲೆಂದೇ ಆ ವರ್ಷ ಒಂದು ಡಾಟಾ ಲಾಗರ್ ಕೂರಿಸಿದ್ದೆ. ಅಡಿಕೆ ಬುಡದಲ್ಲಿ ತೇವದ ಸೆನ್ಸರ್, ಅಲ್ಲಿಂದ 40 ಮೀಟರ್ ವಯರು, ಮನೆಯಲ್ಲಿ ಪೆಟ್ಟಿಗೆ. ಮಣ್ಣು ಒಣಗಿದರೆ ವೋಲ್ಟೇಜ್ ಏರುತ್ತದೆ, ಒದ್ದೆಯಾದರೆ ಇಳಿಯುತ್ತದೆ. ನನ್ನ ಮಣ್ಣಿನಲ್ಲಿ ಪೂರಾ ಒದ್ದೆ ಅಂದರೆ 1.3 ವೋಲ್ಟ್, ಒಣಗಿದ್ದು 2.4. ವೋಲ್ಟೇಜ್ 2.0 ದಾಟಿದರೆ ವಿದ್ಯುತ್ ವಾಲ್ವು ತೆರೆಯಬೇಕು, 1.6ಕ್ಕಿಂತ ಕೆಳಗಿಳಿದರೆ ಮುಚ್ಚಬೇಕು. ಲೆಕ್ಕ ಸರಿಯೇ ಇತ್ತು.

ಆದರೆ ಮೊದಲ ವಾರದಿಂದಲೇ ಅಂಕಿಗಳು ಕುಣಿಯುತ್ತಿದ್ದವು. ಪೆಟ್ಟಿಗೆ ಕೊಟ್ಟವರನ್ನು ಕೇಳಿದೆ. “ನೂರು ಸಲ ಓದಿ ಸರಾಸರಿ ತೆಗೆಯುವಂತೆ ಮಾಡ್ತೇವೆ” ಅಂದರು. ಮಾಡಿದರು. ಕುಣಿತ ನಿಂತಿತು. ಸರಿಯಾಯಿತು ಅಂದುಕೊಂಡೆ. ಟ್ಯಾಂಕಿ ಬರಿದಾದದ್ದು ಅದರ ನಂತರ!

ಮಲ್ಟಿಮೀಟರ್ ತಂದು ಸೆನ್ಸರಿನ ಬುಡದಲ್ಲೇ ಹಿಡಿದೆ. 1.4 ವೋಲ್ಟ್, ಅಂದರೆ ಚೆನ್ನಾಗಿ ಒದ್ದೆ. ಪೆಟ್ಟಿಗೆಯ ದಾಖಲೆ ನೋಡಿದರೆ ರಾತ್ರಿಯಿಡೀ 1.8. ಯಾವುದನ್ನು ನಂಬುವುದು?

ಒಂದು ಪೆನ್ಸಿಲ್ ಸೆಲ್ಲಿನ ಪರೀಕ್ಷೆ

ಭಟ್ಕಳದಲ್ಲಿ ಇಂಜಿನಿಯರಿಂಗ್ ಓದುವ ಸೋದರಳಿಯ ರಜೆಗೆ ಬಂದಿದ್ದ. “ಮಾವ, ಸೆನ್ಸರ್ ಬಿಚ್ಚಿಡುವ. ಮಣ್ಣಿನ ತೇವ ನಮಗೆ ಗೊತ್ತಿಲ್ಲ, ಸೆಲ್ಲಿನ ವೋಲ್ಟೇಜ್ ಗೊತ್ತುಂಟಲ್ಲ” ಅಂದ. ಅವನು ಮಾಡಿದ್ದು ಮೂರೇ ಕೆಲಸ.

1. ಸೆಲ್ಲನ್ನು ಪೆಟ್ಟಿಗೆಯ ಬಾಯಿಗೇ ಕೊಟ್ಟ. 1.56 ವೋಲ್ಟ್, ಅಲುಗಾಡಲಿಲ್ಲ. ಅಂದಮೇಲೆ ಪೆಟ್ಟಿಗೆ ನಿರಪರಾಧಿ. ಇಲ್ಲೇ ಕುಣಿದರೆ ಅಡಾಪ್ಟರ್ ತೆಗೆದು ಪವರ್ ಬ್ಯಾಂಕಿನಲ್ಲಿ ನಡೆಸಿ ನೋಡಬೇಕಂತೆ.

2. ಅದೇ ಸೆಲ್ಲನ್ನು ತೋಟದ ತುದಿಯಲ್ಲಿ ಸೆನ್ಸರಿನ ಜಾಗಕ್ಕೆ ಕಟ್ಟಿದ. ಮತ್ತೆ 1.56.

3. ಈಗ ಪಂಪು ಹಾಕಲು ಹೇಳಿದ. ಅಂಕಿ 1.3ಕ್ಕೂ 1.8ಕ್ಕೂ ನೆಗೆಯಿತು. ಪಂಪು ನಿಲ್ಲಿಸಿ ವಾಲ್ವು ತೆರೆದ. ಕುಣಿತವಿಲ್ಲ, ಆದರೆ ಅಂಕಿ 1.98ಕ್ಕೆ ಏರಿ ಅಲ್ಲೇ ಕೂತಿತು. ಸೆಲ್ಲು ಅದೇ, ವೋಲ್ಟೇಜ್ ಬೇರೆ!

ರೋಗ ಎರಡು

ಜಿಗಿತಕ್ಕೆ ಕಾರಣ ಪಂಪಿನ ವಯರು. ಖರ್ಚು ಉಳಿಸಲು ನಾನು ಸೆನ್ಸರಿನ ವಯರನ್ನೂ ಅದೇ ಪೈಪಿನಲ್ಲಿ ತೂರಿಸಿದ್ದೆ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನೆ ಮಾಡುತ್ತದೆ. ಅದು ಪಕ್ಕದ ಸಣ್ಣ ವಯರಿನಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಇದು ಮೇಲೆ ಎಷ್ಟೋ ಕೆಳಗೂ ಅಷ್ಟೇ. ಹಾಗಾಗಿ ಒಂದು ಸೆಕೆಂಡು ಪೂರ್ತಿ ಓದಿ ಸರಾಸರಿ ತೆಗೆದರೆ ಬಹುಪಾಲು ಹೋಗುತ್ತದೆ.

ಏರಿಕೂತದ್ದು ಬೇರೆ ರೋಗ. ವಾಲ್ವಿಗೂ ಸೆನ್ಸರಿಗೂ ನೆಗೆಟಿವ್ ವಯರು ಒಂದೇ. 0.5 ಚದರ ಮಿ.ಮೀ. ತಾಮ್ರದ ವಯರು 40 ಮೀಟರಿಗೆ ಸುಮಾರು 1.4 ಓಮ್ ತಡೆ ಒಡ್ಡುತ್ತದೆ. ವಾಲ್ವು ಎಳೆಯುವುದು 0.3 ಆಂಪಿಯರ್. ಗುಣಿಸಿ ನೋಡಿ: 0.42 ವೋಲ್ಟ್. ಇಷ್ಟು ವೋಲ್ಟೇಜ್ ಸೆನ್ಸರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಮಣ್ಣು 1.4 ಅಂದರೂ ಪೆಟ್ಟಿಗೆ ಕೇಳಿಸಿಕೊಳ್ಳುವುದು 1.8. ಪೂರಾ ಒದ್ದೆಯಾದರೂ 1.7. ಇನ್ನು 1.6ಕ್ಕೆ ಇಳಿಯುವುದು ಯಾವಾಗ, ವಾಲ್ವು ಮುಚ್ಚುವುದು ಯಾವಾಗ? ಸಾವಿರ ಸಲ ಓದಿ ಸರಾಸರಿ ತೆಗೆದರೂ ಈ ಸುಳ್ಳು ಹೋಗದು. ಬದಲು ಅಂಕಿಗಳ ಕುಣಿತ ನಿಂತು, ಸುಳ್ಳು ಸತ್ಯದಂತೆ ಕಾಣುತ್ತದೆ.

ಮಾಡಿದ ರಿಪೇರಿ

ಕುಮಟಾದಿಂದ ಎರಡು ಬಗೆಯ ವಯರು ತಂದೆವು. ವಾಲ್ವಿಗೆ 1.5 ಚದರ ಮಿ.ಮೀ.ಯ ಬೇರೆಯೇ ಜೋಡಿ. ಸೆನ್ಸರಿಗೆ ಶೀಲ್ಡೆಡ್ ವಯರು, ಅಂದರೆ ಒಳಗಿನ ಎಳೆಗಳ ಸುತ್ತ ಲೋಹದ ಜಾಲರಿ ಇರುವಂಥದ್ದು. ಜಾಲರಿಯನ್ನು ಪೆಟ್ಟಿಗೆಯ ಕಡೆ ಮಾತ್ರ ನೆಗೆಟಿವ್‌ಗೆ ಸೇರಿಸಿದೆವು, ತೋಟದ ಕಡೆ ಬಿಟ್ಟೆವು. ಪಂಪಿನ ವಯರಿನಿಂದ ಎರಡು ಅಡಿ ದೂರ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದ್ದು. ನಮ್ಮ ಥಂಡಿಗೆ ಗಂಟು ಹಾಕಿದ ತಾಮ್ರ ಕಪ್ಪಾಗುತ್ತದೆ. ಹಳೇ ಗಂಟು ಬಿಡಿಸಿ ಬೆಸುಗೆ ಹಾಕಿ ಮುಚ್ಚಿದೆವು.

ಮತ್ತೆ ಸೆಲ್ಲು ಕಟ್ಟಿ ನೋಡಿದೆವು. ವಾಲ್ವು ತೆರೆದರೂ 1.56, ಪಂಪು ಹಾಕಿದರೂ ಎರಡನೇ ದಶಾಂಶದಲ್ಲಿ ಸಣ್ಣ ಅಲುಗಾಟ ಅಷ್ಟೇ. ಸರಾಸರಿ ತೆಗೆಯುವುದು ಈಗಲೂ ಇದೆ, ಆದರೆ ಅದು ಕೊನೆಯ ಮದ್ದು, ಮೊದಲಿನದಲ್ಲ.

ನೆನಪಿಡಬೇಕಾದ್ದು

• ಪಂಪಿನ ವಯರಿಗೆ ಕೈಹಾಕುವ ಮೊದಲು ಮೇನ್ ತೆಗೆಯಿರಿ.

• ಏನೂ ಕಟ್ಟದ ಖಾಲಿ ಬಾಯಿ ಬೇಕಾದ ಅಂಕಿ ತೋರಿಸುತ್ತದೆ. ಅದಕ್ಕೆ ಹೆದರಬೇಡಿ.

• ಗುಡುಗು ಶುರುವಾಗುವ ಮೊದಲೇ ಉದ್ದ ವಯರುಗಳನ್ನು ಪೆಟ್ಟಿಗೆಯಿಂದ ಕಿತ್ತಿಡಿ.

• ವಾಲ್ವು ಇಷ್ಟು ಹೊತ್ತಿಗೆ ಮುಚ್ಚಲೇಬೇಕು ಎಂಬ ಸಮಯದ ಮಿತಿ ಹಾಕಿ. ನಾನು 45 ನಿಮಿಷ ಇಟ್ಟಿದ್ದೇನೆ. ಈ ಒಂದು ಸಾಲು ಮೊದಲೇ ಇದ್ದಿದ್ದರೆ ಟ್ಯಾಂಕಿ ಬರಿದಾಗುತ್ತಿರಲಿಲ್ಲ.

ಪಕ್ಕದ ಮನೆಯವರಿಗೆ ಆ ದಿನ ಪಂಪು ಹಾಕಿ ಮಧ್ಯಾಹ್ನದೊಳಗೆ ನೀರು ತುಂಬಿಸಿಕೊಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೂ ಈಗ ದಿನಾ ಬೆಳಗ್ಗೆ ಪೆಟ್ಟಿಗೆಯ ಅಂಕಿ ನೋಡುವ ಮೊದಲು ನಾನು ಟ್ಯಾಂಕಿಗೆ ಇಣುಕುತ್ತೇನೆ. ನಿಮ್ಮ ತೋಟದ ಪೆಟ್ಟಿಗೆಯೂ ಕುಣಿಯುತ್ತಿದ್ದರೆ, ಬಿಸಾಡುವ ಮೊದಲು ಒಂದು ಸೆಲ್ಲು ಕಟ್ಟಿ ನೋಡಿ.