ಫೆರೈಟ್ ಕಡ್ಡಿಗೆ ಎಷ್ಟು ಸುತ್ತು?

ಪ್ರಶ್ನೆ: ತಾತನ ಟ್ರಾನ್ಸಿಸ್ಟರ್ ರೇಡಿಯೊದ ಆಂಟೆನಾ ಕಾಯಿಲ್ ತುಂಡಾಗಿದೆ. ಮನೆಯಲ್ಲೇ ಹೊಸದು ಸುತ್ತಬಹುದೆ?
– ಓದುಗರೊಬ್ಬರು, ಸಿಂಗಸಂದ್ರ

ಉತ್ತರ: ಧಾರಾಳವಾಗಿ. ಹಳೆಯದನ್ನು ಬಿಚ್ಚುವಾಗಲೇ ಸುತ್ತು ಎಣಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲೂ ಸಿಗದು. ಎಣಿಕೆ ತಪ್ಪಿತೆ? ಹಾಗಾದರೆ ಗ್ಯಾಂಗ್, ಅಂದರೆ ಸ್ಟೇಷನ್ ಹುಡುಕಲು ತಿರುಗಿಸುವ ಕೆಪಾಸಿಟರ್ ನೋಡಿ. 365 ಪಿಕೋಫ್ಯಾರಡ್‌ನ ದೊಡ್ಡ ಲೋಹದ ಗ್ಯಾಂಗ್‌ಗೆ ಸುಮಾರು 240 ಮೈಕ್ರೊಹೆನ್ರಿ ಇಂಡಕ್ಟೆನ್ಸ್ ಬೇಕು, ಪುಟ್ಟ ಪ್ಲಾಸ್ಟಿಕ್ ಗ್ಯಾಂಗ್‌ಗೆ 600ರ ಆಸುಪಾಸು. ಕಾಯಿಲ್ ಕೂರುವ ಫೆರೈಟ್ ಕಡ್ಡಿ 10 ಮಿ.ಮೀ. ದಪ್ಪದ್ದಾದರೆ ಮೊದಲನೆಯದಕ್ಕೆ 60-70 ಸುತ್ತಿನಿಂದ ಶುರುಮಾಡಿ. ಸುತ್ತು ಇಮ್ಮಡಿಯಾದರೆ ಇಂಡಕ್ಟೆನ್ಸ್ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಎರಡನೆಯದಕ್ಕೆ 100ರಷ್ಟು ಸಾಕು.

ತಂತಿಯನ್ನು ನೇರವಾಗಿ ಕಡ್ಡಿಗೆ ಸುತ್ತಬೇಡಿ. ಜಾರುವಂಥ ಕಾಗದದ ಕೊಳವೆ ಮಾಡಿ, ಅದರ ಮೇಲೆ ಸುತ್ತಿ. ಕೊಳವೆಯನ್ನು ಕಡ್ಡಿಯ ಮಧ್ಯಕ್ಕೆ ತಂದರೆ ಇಂಡಕ್ಟೆನ್ಸ್ ಏರುತ್ತದೆ, ತುದಿಗೆ ಸರಿಸಿದರೆ ಇಳಿಯುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಡಯಲ್‌ನ ಸರಿಯಾದ ಜಾಗಕ್ಕೆ ಬಂದಾಗ ಮೇಣ ಹಾಕಿ ಕೂರಿಸಿಬಿಡಿ. ಪಕ್ಕದಲ್ಲಿ ಕೆಲವೇ ಸುತ್ತಿನ ಇನ್ನೊಂದು ಕಾಯಿಲ್ ಇರುತ್ತದಲ್ಲ, ಸಿಗ್ನಲ್ಲನ್ನು ಟ್ರಾನ್ಸಿಸ್ಟರ್‌ಗೆ ದಾಟಿಸುವುದು ಅದೇ, ಕಿತ್ತೆಸೆಯಬೇಡಿ. ಹಲವು ಎಳೆಗಳ ಲಿಟ್ಜ್ ತಂತಿಯನ್ನು ಎಸ್.ಪಿ. ರಸ್ತೆಯಲ್ಲಿ ಕೇಳಿನೋಡಿ. ಸಿಗದಿದ್ದರೆ ಎನಾಮೆಲ್ ತಂತಿಯೂ ನಡೆಯುತ್ತದೆ, ಸ್ಟೇಷನ್‌ಗಳನ್ನು ಬೇರ್ಪಡಿಸುವ ಚುರುಕು ಮಾತ್ರ ಸ್ವಲ್ಪ ಕಡಿಮೆ.

ನಿಮ್ಮ ಕಡೆ ನಿಜವಾದ ಕಾಟ ಕಾಯಿಲ್‌ನದಲ್ಲ. ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ಗೊರಗೊರ. ಫೆರೈಟ್ ಕಡ್ಡಿ ತನ್ನ ತುದಿ ನೆಟ್ಟಗೆ ತೋರುವ ದಿಕ್ಕಿನಿಂದ ಬಹುತೇಕ ಏನನ್ನೂ ಹಿಡಿಯದು. ರೇಡಿಯೊ ಮೆಲ್ಲಗೆ ತಿರುಗಿಸಿ, ಸದ್ದು ಅಡಗುವ ಕೋನದಲ್ಲಿ ಇಟ್ಟು ಕೇಳಿ.