ಮುಂಗಾಜಿನ ಬಿರುಕು: ರಿಪೇರಿಯೇ, ಬದಲಾವಣೆಯೇ?

ನಮ್ಮ ಕಾಸರಗೋಡಿನಂತೆ ತೆಲಂಗಾಣದ ನಾಗಲಗಿದ್ದವೂ ಗಡಿನಾಡು. ನಾರಾಯಣಖೇಡದಿಂದ ಅಲ್ಲಿಗೆ ಕಾರಿನಲ್ಲಿ ಹೋಗುತ್ತಿದ್ದಾಗ, ಮುಂದಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲೊಂದು ಗಾಜಿಗೆ ಬಡಿಯಿತು. ಕಡಲೆಕಾಳಿನಷ್ಟು ಚುಕ್ಕೆ! ‘ಊರಿಗೆ ಹೋಗಿ ನೋಡಿದರಾಯಿತು’ ಎಂದುಕೊಂಡೆವು. ನಾವು ತಪ್ಪಿದ್ದು ಅಲ್ಲಿಯೇ. ಬಿಸಿಲಿಗೆ ಕಾದ ಗಾಜಿಗೆ ಒಳಗಿನಿಂದ ಏ.ಸಿ.ಯ ತಂಪು ತಾಗಿ, ಸಂಜೆ ಬೀದರಕ್ಕೆ ಬರುವಷ್ಟರಲ್ಲಿ ಗೇಣುದ್ದದ ಗೆರೆ ಅಂಚಿನ ತನಕ ಓಡಿತ್ತು.

ಮುಂಗಾಜೆಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದದ್ದು. ಆದ್ದರಿಂದಲೇ ಒಡೆದರೂ ಚೂರುಗಳು ಮುಖಕ್ಕೆ ಎರಚುವುದಿಲ್ಲ. ಪೆಟ್ಟು ಹೊರಗಾಜಿಗೆ ಮಾತ್ರ ತಾಗಿ, ಗುರುತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಿದ್ದರೆ ಅಂಟುರಾಳ ತುಂಬಿ ಸರಿಪಡಿಸಬಹುದು. ಕಲೆ ತುಸು ಉಳಿದೀತು. ಬಿರುಕು ಅಂಚು ಮುಟ್ಟಿದ್ದರೆ, ಒಳಗಾಜಿಗೂ ತಾಗಿದ್ದರೆ, ಚಾಲಕನ ಕಣ್ಣೆದುರೇ ಇದ್ದರೆ ಗಾಜು ಬದಲಾಯಿಸಲೇಬೇಕು. ಏರ್‌ಬ್ಯಾಗಿಗೂ ಮಾಡಿಗೂ ಆಸರೆಯಾಗುವ ಗಾಜದು. ಹೊಸ ಗಾಜಿನ ಅಂಟು ಗಟ್ಟಿಯಾಗುವ ತನಕ ಕಾರು ಓಡಿಸಲೂಬಾರದು.

ಸಮಗ್ರ ವಿಮೆಯಿದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ. ಆದರೆ ಪರಿಹಾರ ಕೇಳಿದರೆ ನೋ ಕ್ಲೇಮ್ ಬೋನಸ್ ತಪ್ಪಬಹುದು. ಎರಡನ್ನೂ ತೂಗಿ ನೋಡುವುದು ಲೇಸು.

ನಾವಂತೂ ಗಾಜನ್ನೇ ಬದಲಾಯಿಸಬೇಕಾಯಿತು. ಚುಕ್ಕೆ ಕಂಡೊಡನೆ ಧೂಳು, ನೀರು ಸೇರದಂತೆ ಟೇಪು ಅಂಟಿಸಿ, ಅಂದೇ ಗ್ಯಾರೇಜಿಗೆ ಹೋಗಿದ್ದರೆ ಸಣ್ಣ ಖರ್ಚಿನಲ್ಲೇ ಮುಗಿಯುತ್ತಿತ್ತು.